ಶೇಕಡಾ 37ರಲ್ಲಿ ನಿಂತ ಬಯೋಸ್ ಅಪ್‌ಡೇಟ್

ಸಾಗರದ ನಮ್ಮ ಮನೆಯ ಡೆಸ್ಕ್‌ಟಾಪ್ ಇಂಟೆಲ್‌ನ ಆರನೇ ಪೀಳಿಗೆಯ ಕಾಲದ್ದು. ಎಚ್110 ಚಿಪ್‌ಸೆಟ್ಟಿನ (ಪ್ರೊಸೆಸರಿಗೂ ಉಳಿದ ಭಾಗಗಳಿಗೂ ಕೊಂಡಿಯಾಗುವ ಚಿಪ್ಪು) ಮದರ್‌ಬೋರ್ಡು, ಅದರ ಮೇಲೆ ಐ3-6100 ಪ್ರೊಸೆಸರ್, ಎಂಟು ಜಿಬಿ ರಾಮ್. ಅಡಿಕೆಯ ಲೆಕ್ಕ, ಮಗಳ ಓದು, ನನ್ನ ಸಣ್ಣಪುಟ್ಟ ಪ್ರೋಗ್ರಾಮುಗಳು ಎಲ್ಲವೂ ಇದರಲ್ಲೇ ನಡೆಯುತ್ತವೆ. ಬೆಂಗಳೂರಿನಲ್ಲಿರುವ ಭಾವ ಹೊಸ ಕಂಪ್ಯೂಟರ್ ಕಟ್ಟಿಸಿಕೊಂಡಾಗ ತಮ್ಮ ಹಳೆಯ ಐ5-7500 ಪ್ರೊಸೆಸರನ್ನು ನನಗೆ ಕೊಟ್ಟರು. ಎರಡೂ ಕೂರುವುದು ಎಲ್‌ಜಿಎ 1151 ಸಾಕೆಟ್ಟಿನಲ್ಲೇ. ಆದರೆ ಐ5-7500 ಏಳನೇ ಪೀಳಿಗೆಯದು. ಅದು 2017ರ ಜನವರಿಯಲ್ಲಿ ಮಾರುಕಟ್ಟೆಗೆ ಬಂದದ್ದರಿಂದ, ಅದಕ್ಕೂ ಮೊದಲು ತಯಾರಾದ ನನ್ನ ಬೋರ್ಡು ಅದನ್ನು ಗುರುತಿಸಬೇಕಾದರೆ ಮೊದಲು ಹಳೆಯ ಪ್ರೊಸೆಸರ್ ಇದ್ದಂತೆಯೇ ಬಯೋಸನ್ನು, ಅಂದರೆ ಗುಂಡಿ ಒತ್ತಿದೊಡನೆ ಯಂತ್ರವನ್ನು ಎಬ್ಬಿಸುವ ಬೋರ್ಡಿನೊಳಗಿನ ಪ್ರೋಗ್ರಾಮನ್ನು, ಹೊಸದು ಮಾಡಿಕೊಳ್ಳಬೇಕು. ಹೊಸ ಆವೃತ್ತಿಯು ಬಯೋಸಿನ ಜೊತೆಗೆ ಮ್ಯಾನೇಜ್‌ಮೆಂಟ್ ಎಂಜಿನ್ ಎಂಬ, ಚಿಪ್‌ಸೆಟ್ಟಿನೊಳಗೆ ಬೇರೆಯಾಗಿಯೇ ಓಡುವ ಪ್ರೋಗ್ರಾಮಿನ ಭಾಗವನ್ನೂ ಬದಲಿಸುತ್ತದೆ ಎಂದು ತಯಾರಕರ ಟಿಪ್ಪಣಿಯಲ್ಲಿ ಬರೆದಿತ್ತು. ಆ ಒಂದು ಸಾಲು ಮುಂದೆ ನನಗೆ ಬಹಳ ಉಪಯೋಗಕ್ಕೆ ಬಂತು.

ಮೊದಲ ಎರಡು ಪ್ರಯತ್ನಗಳು ಅಪಾಯವಿಲ್ಲದೆ ಸೋತವು. ಬಯೋಸಿನೊಳಗಿನ ಅಪ್‌ಡೇಟ್ ಸಾಧನ ತೆರೆದಾಗ ಪೆನ್‌ಡ್ರೈವ್ ಕಾಣಿಸಲೇ ಇಲ್ಲ. ಅದು ಎಕ್ಸ್‌ಫ್ಯಾಟ್ ಮಾದರಿಯಲ್ಲಿ ಫಾರ್ಮ್ಯಾಟ್ ಆಗಿತ್ತು. ಫ್ಯಾಟ್32ಕ್ಕೆ ಬದಲಿಸಿದ ಮೇಲೆ ಕಾಣಿಸಿತು, ಆದರೆ ಕಡತ ಸರಿಯಿಲ್ಲವೆಂದು ಸಾಧನ ನಿರಾಕರಿಸಿತು. ಬೋರ್ಡಿನ ಮೇಲೆ ಅಚ್ಚಾದ ಮಾದರಿ ಸಂಖ್ಯೆಯನ್ನು ಟಾರ್ಚು ಹಿಡಿದು ಓದಿದಾಗ, ನಾನು ಇಳಿಸಿಕೊಂಡಿದ್ದ ಕಡತವು ಕೊನೆಯ ಒಂದೇ ಅಕ್ಷರ ಬೇರೆಯಾಗಿರುವ ಸೋದರ ಮಾದರಿಯದೆಂದು ತಿಳಿಯಿತು. ಹೀಗೆ ಬರೆಯುವ ಮೊದಲೇ ನಿರಾಕರಿಸುವ ಸೋಲುಗಳಿಗೆ ಯಾರೂ ಹೆದರಬೇಕಾಗಿಲ್ಲ. ಚಿಪ್ಪಿನಲ್ಲಿ ಒಂದು ಅಕ್ಷರವೂ ಬದಲಾಗಿರುವುದಿಲ್ಲ.

ಮೂರನೆಯ ಸಲ ಸರಿಯಾದ ಕಡತವಿತ್ತು. ಶುರು ಮಾಡುವ ಮೊದಲು ಪರದೆಯ ಮೇಲಿದ್ದ ಹಳೆಯ ಆವೃತ್ತಿಯ ಸಂಖ್ಯೆಯನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡಿದ್ದೆ. ಹೊರಗೆ ಆಷಾಢದ ಮಳೆ ಬಿಡುವಿಲ್ಲದೆ ಸುರಿಯುತ್ತಿತ್ತು. ಯುಪಿಎಸ್ ಇದೆಯೆಂಬ ಧೈರ್ಯದಲ್ಲಿ ಮುಂದುವರಿದೆ. ಅಳಿಸುವ ಹಂತ ಮುಗಿದು ಬರೆಯುವ ಹಂತದ ಪಟ್ಟಿ ಶೇಕಡಾ 37ನ್ನು ತೋರಿಸುತ್ತಿದ್ದಾಗ ಕರೆಂಟು ಹೋಯಿತು, ಯುಪಿಎಸ್ ಒಂದು ಸಲ ಕೂಗಿ ಅದೂ ಆರಿತು. ಕರೆಂಟು ಬಂದ ಮೇಲೆ ಗುಂಡಿ ಒತ್ತಿದರೆ ಫ್ಯಾನು ತಿರುಗುತ್ತಿತ್ತು; ಪರದೆ ಕಪ್ಪು, ಬೀಪ್ ಇಲ್ಲ, ಕೀಬೋರ್ಡಿನ ದೀಪವೂ ಹೊತ್ತಲಿಲ್ಲ.

ಇಂಥ ಸಂದರ್ಭದಲ್ಲಿ ಎಲ್ಲರೂ ಮೊದಲು ಹೇಳುವುದು ಬೋರ್ಡಿನ ಗುಂಡು ಬ್ಯಾಟರಿ ತೆಗೆದು ಹಾಕಲು. ತೆಗೆದು ಹಾಕಿದೆ, ಸೆಟ್ಟಿಂಗುಗಳನ್ನು ಅಳಿಸುವ ಜಂಪರನ್ನೂ ಮುಟ್ಟಿಸಿದೆ. ಅದರಿಂದ ಪ್ರಯೋಜನವಾಗದು ಎಂಬುದಕ್ಕೆ ಕಾರಣ ಸರಳ: ಸಿಆರ್2032 ಬ್ಯಾಟರಿ ಕಾಯುವುದು ಗಡಿಯಾರವನ್ನು ಮತ್ತು ಕೆಲವು ಸೆಟ್ಟಿಂಗುಗಳನ್ನು ಮಾತ್ರ, ಬಯೋಸಿನ ಪ್ರೋಗ್ರಾಮು ಇರುವುದು ವಿದ್ಯುತ್ತಿನ ಹಂಗಿಲ್ಲದ ಬೇರೆಯೇ ಫ್ಲ್ಯಾಶ್ ಚಿಪ್ಪಿನಲ್ಲಿ. ಕಂಟ್ರೋಲ್ ಮತ್ತು ಹೋಮ್ ಕೀಗಳನ್ನು ಒಟ್ಟಿಗೆ ಒತ್ತಿ ಹಿಡಿದು ಪೆನ್‌ಡ್ರೈವಿನಿಂದ ಚೇತರಿಸಿಕೊಳ್ಳುವ ಹಳೆಯ ದಾರಿಯನ್ನೂ ನೋಡಿದೆ. ಪೆನ್‌ಡ್ರೈವಿನ ದೀಪ ಒಮ್ಮೆಯೂ ಮಿನುಗಲಿಲ್ಲ. ಅಂದರೆ ಪೆನ್‌ಡ್ರೈವನ್ನು ಓದಬೇಕೆಂದು ಹೇಳುವ ಮೊದಲ ತುಣುಕೂ ಚಿಪ್ಪಿನಲ್ಲಿ ಉಳಿದಿಲ್ಲ ಎಂದಾಯಿತು. ಇನ್ನು ಚಿಪ್ಪನ್ನೇ ಹೊರಗಿನಿಂದ ಬರೆಯಬೇಕು.

ಬೋರ್ಡಿನ ಅಂಚಿನಲ್ಲಿ ಎಂಟು ಕಾಲಿನ ಪುಟ್ಟ ಚಿಪ್ಪಿತ್ತು. ಭೂತಗನ್ನಡಿಯಲ್ಲಿ ವಿನ್‌ಬಾಂಡ್ 25ಕ್ಯು128 ಎಂದು ಓದಲು ಬಂತು. 128 ಮೆಗಾಬಿಟ್ ಎಂದರೆ 16 ಮೆಗಾಬೈಟ್, ಸರಿಯಾಗಿ 1,67,77,216 ಬೈಟುಗಳು. ಇದನ್ನು ಓದಲು, ಬರೆಯಲು ಯುಎಸ್‌ಬಿಗೆ ಸಿಕ್ಕಿಸುವ ಸಿಎಚ್341ಎ ಎಂಬ ಕಪ್ಪು ಬಣ್ಣದ ಅಗ್ಗದ ಪ್ರೋಗ್ರಾಮರನ್ನೂ, ಚಿಪ್ಪಿನ ಮೇಲೆ ಕಚ್ಚಿಕೊಳ್ಳುವ ಕ್ಲಿಪ್ಪನ್ನೂ ತರಿಸಿದೆ. ಬರಲು ಐದು ದಿನ ಹಿಡಿಯಿತು.

ಈ ಕಪ್ಪು ಪ್ರೋಗ್ರಾಮರಿನ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಅದು ಫ್ಲ್ಯಾಶ್ ಚಿಪ್ಪಿಗೆ ಕೊಡುವ ವಿದ್ಯುತ್ತು 3.3 ವೋಲ್ಟ್ ಇದ್ದರೂ ಸಿಎಚ್341ಎ ತಾನು 5 ವೋಲ್ಟಿನಲ್ಲಿ ಓಡುವುದರಿಂದ, ಮಾಹಿತಿ ಸಾಗುವ ತಂತಿಗಳಲ್ಲಿಯೂ 5 ವೋಲ್ಟಿನ ಹತ್ತಿರ ಬರುತ್ತದೆ. ಫ್ಲ್ಯಾಶ್ ಚಿಪ್ಪು ಸಹಿಸಿಕೊಂಡರೂ, ಅದೇ ತಂತಿಗಳು ಬೋರ್ಡಿನ ಚಿಪ್‌ಸೆಟ್ಟಿಗೂ ಹೋಗುತ್ತವೆ ಎಂಬುದನ್ನು ಮರೆಯಬಾರದು. ಏನನ್ನೂ ಸಿಕ್ಕಿಸದೆ ಮಲ್ಟಿಮೀಟರ್ ಇಟ್ಟು ನೋಡಿದಾಗ ನನ್ನದರಲ್ಲಿ 4.8 ವೋಲ್ಟ್ ಬಂತು. ಹಾಗಾಗಿ ಸಿಎಚ್341ಎಯ 28ನೇ ಕಾಲನ್ನು ಬೆಸುಗೆ ಬಿಡಿಸಿ ಮೇಲೆತ್ತಿ, ಅದನ್ನು 9ನೇ ಕಾಲಿನ ಜೊತೆ ಸೇರಿಸಿ, ಎಎಂಎಸ್1117 ರೆಗ್ಯುಲೇಟರಿನ 3.3 ವೋಲ್ಟ್ ಕಾಲಿನಿಂದ ತೆಳುವಾದ ಒಂದು ತಂತಿ ಎಳೆದೆ. ಮತ್ತೆ ಅಳೆದಾಗ 3.3 ವೋಲ್ಟ್. ಅರ್ಧ ಗಂಟೆಯ ಈ ಕೆಲಸವನ್ನು ಬಿಟ್ಟು ಮುಂದೆ ಹೋಗಬೇಡಿ ಎಂದು ಯಾರಿಗಾದರೂ ಹೇಳುತ್ತೇನೆ.

ಪವರ್ ಸಪ್ಲೈಯ ಎಲ್ಲ ಕೇಬಲ್ಲುಗಳನ್ನು ಬೋರ್ಡಿನಿಂದ ಕಳಚಿ, ಗುಂಡು ಬ್ಯಾಟರಿಯನ್ನೂ ತೆಗೆದು, ಚಿಪ್ಪಿನ ಮೂಲೆಯ ಚುಕ್ಕೆಗೆ ಕ್ಲಿಪ್ಪಿನ ಕೆಂಪು ತಂತಿ ಬರುವಂತೆ ಕಚ್ಚಿಸಿದೆ. ಹಳೆಯ ಲ್ಯಾಪ್‌ಟಾಪಿನ ಲಿನಕ್ಸ್‌ನಲ್ಲಿ ಫ್ಲ್ಯಾಶ್‌ರಾಮ್ ಎಂಬ, ಇಂಥ ಚಿಪ್ಪುಗಳನ್ನು ಓದಿ ಬರೆಯುವ ಪ್ರೋಗ್ರಾಮನ್ನು ಓಡಿಸಿದರೆ ಚಿಪ್ಪೇ ಇಲ್ಲ ಎಂಬ ಉತ್ತರ. ಕಾಲುಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಉಜ್ಜಿ ಮತ್ತೆ ಕಚ್ಚಿಸಿದಾಗ ಚಿಪ್ಪು ತನ್ನ ಗುರುತು ಹೇಳಿತು: ಇಎಫ್ 40 18. ಮೊದಲನೆಯದು ವಿನ್‌ಬಾಂಡಿನ ಸಂಕೇತ, ಕೊನೆಯದು ಗಾತ್ರದ ಸಂಕೇತ; ಎರಡೂ ಸರಿ. ಸಂತೋಷದಿಂದ ಎರಡು ಸಲ ಓದಿ, ಎರಡೂ ಕಡತಗಳ ಎಸ್‌ಎಚ್‌ಎ-256 ಮೊತ್ತ (ಕಡತದ ಬೆರಳಚ್ಚಿನಂಥ ಸಂಖ್ಯೆ, ಒಂದು ಬೈಟು ಬದಲಾದರೂ ಬೇರೆಯಾಗುತ್ತದೆ) ತಾಳೆ ನೋಡಿದೆ. ತಾಳೆಯಾಗಲಿಲ್ಲ. ಮೂರನೆಯ ಓದು ಮೂರನೆಯ ಉತ್ತರ ಕೊಟ್ಟಿತು.

ಇಲ್ಲಿ ಅವಸರ ಮಾಡುವವರು ಓದು ಹೇಗಾದರೂ ಇರಲಿ, ಬರೆದರಾಯಿತು ಎಂದುಕೊಳ್ಳುತ್ತಾರೆ. ಓದಲಾಗದ ಸಂಪರ್ಕದಲ್ಲಿ ಬರೆಯುವುದೂ ಆಗದು ಎಂಬುದು ಒಂದು ಮಾತು. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ತಯಾರಕರು ಕೊಡುವ ಕಡತವು ಆ ಮಾದರಿಯ ಎಲ್ಲ ಬೋರ್ಡುಗಳಿಗೂ ಒಂದೇ. ನನ್ನ ಚಿಪ್ಪಿನೊಳಗಿದ್ದದ್ದು ಅಷ್ಟೇ ಅಲ್ಲ. ಈ ಒಂದು ಬೋರ್ಡಿಗೆ ಮಾತ್ರ ಸೇರಿದ ವಿವರಗಳೂ ಅದೇ 16 ಮೆಗಾಬೈಟಿನಲ್ಲಿ ಇದ್ದವು, ಮತ್ತು ಅವು ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲ. ಅರ್ಧ ಅಳಿಸಿಹೋದ ಚಿಪ್ಪಾದರೂ ಅದರ ಸರಿಯಾದ ಪ್ರತಿಯೊಂದು ಕೈಗೆ ಬರುವವರೆಗೆ ಅದರ ಮೇಲೆ ಏನನ್ನೂ ಬರೆಯಬಾರದೆಂದು ನಿಶ್ಚಯಿಸಿದೆ.

ಕ್ಲಿಪ್ಪು ಕಚ್ಚಿದ್ದಂತೆಯೇ ಚಿಪ್ಪಿನ 4 ಮತ್ತು 8ನೇ ಕಾಲುಗಳ ನಡುವೆ ಅಳೆದಾಗ ಕಾರಣ ಕಂಡಿತು. 3.3 ಇರಬೇಕಾದಲ್ಲಿ 2.6 ವೋಲ್ಟ್ ಇತ್ತು. ಈ ಚಿಪ್ಪಿಗೆ ಕನಿಷ್ಠ 2.7 ಬೇಕು. ಪ್ರೋಗ್ರಾಮರು ಕೊಡುವ ಅಲ್ಪ ವಿದ್ಯುತ್ತನ್ನು ಅದೇ ಸಾಲಿಗೆ ಸೇರಿದ ಬೋರ್ಡಿನ ಬೇರೆ ಭಾಗಗಳೂ ಎಳೆದುಕೊಳ್ಳುತ್ತಿದ್ದವು. ಚಿಪ್ಪನ್ನು ಬೋರ್ಡಿನಿಂದ ಬಿಡಿಸದೆ ಬೇರೆ ದಾರಿ ಇರಲಿಲ್ಲ.

ನನ್ನ ಹತ್ತಿರ ಬಿಸಿಗಾಳಿಯಿಂದ ಬೆಸುಗೆ ಕರಗಿಸುವ ಹಾಟ್ ಏರ್ ಸಾಧನ ಇಲ್ಲ. ಪೇಟೆಯಲ್ಲಿ ಮೊಬೈಲ್ ರಿಪೇರಿ ಮಾಡುವ ಪರಿಚಯದ ಹುಡುಗನ ಅಂಗಡಿಗೆ ಬೋರ್ಡು ಒಯ್ದೆ. ಅವನು ಸುತ್ತಲಿನ ಕೆಪಾಸಿಟರುಗಳ ಮೇಲೆ ಬಿಸಿ ತಡೆಯುವ ಹಳದಿ ಕಾಪ್ಟನ್ ಟೇಪು ಅಂಟಿಸಿ, ಎಂಟೂ ಕಾಲುಗಳಿಗೆ ಫ್ಲಕ್ಸ್ ಸವರಿ, ನಳಿಕೆಯನ್ನು ಚಿಪ್ಪಿನ ಮೇಲೆ ನಿಧಾನವಾಗಿ ಸುತ್ತಿಸತೊಡಗಿದ. ಏಳು ಕಾಲುಗಳ ಬೆಸುಗೆ ಹೊಳೆದು ಕರಗಿದರೂ ಒಂದು ಮಾತ್ರ ಬೂದು ಬಣ್ಣದಲ್ಲೇ ಇತ್ತು. ನಾನು ಚಿಮಟ ಮುಂದೆ ಮಾಡಿದ್ದು ಕಂಡು, “ತಡೀರಿ ಸರ್, ಅದು ಗ್ರೌಂಡಿನ ಕಾಲು. ಬೋರ್ಡಿನ ತಾಮ್ರ ಎಲ್ಲಾ ಬಿಸಿ ಎಳ್ಕೊಳ್ತದೆ. ಈಗ ಎತ್ತಿದ್ರೆ ಪ್ಯಾಡೇ ಕಿತ್ತು ಬರ್ತದೆ” ಎಂದ. ಇನ್ನೂ ಇಪ್ಪತ್ತು ಸೆಕೆಂಡು ಕಾದ ಮೇಲೆ ಆ ಕಾಲೂ ಹೊಳೆಯಿತು. ಅವನು ಚಿಮಟದ ತುದಿಯಿಂದ ಚಿಪ್ಪನ್ನು ಸ್ವಲ್ಪ ಸರಿಸಿದ, ಅದು ಬೆಣ್ಣೆಯ ಮೇಲೆ ಜಾರಿದಂತೆ ಜಾರಿತು, ಆಮೇಲೆ ಎತ್ತಿದ. ಕಾಲುಗಳು ಕೂರುವ ತಾಮ್ರದ ಪ್ಯಾಡುಗಳೆಲ್ಲ ಸರಿಯಾಗಿದ್ದವು. ಕೈಕೆಲಸದ ಈ ತಾಳ್ಮೆಯನ್ನು ನಾನು ಅವನಿಂದ ಕಲಿತೆ.

ಮನೆಗೆ ಬಂದು ಚಿಪ್ಪನ್ನು ಅಡಾಪ್ಟರಿನಲ್ಲಿ ಇಟ್ಟು ಓದಿದೆ. ಮೂರು ಸಲವೂ ಒಂದೇ ಮೊತ್ತ. ಆ ಕಡತವನ್ನು ಕೂಡಲೇ ಎರಡು ಕಡೆ ನಕಲು ಮಾಡಿ, ಬರೆಯಲಾಗದಂತೆ ಬೀಗ ಹಾಕಿ, ಇನ್ನೊಂದು ಪ್ರತಿಯನ್ನು ಹೆಕ್ಸ್ ಎಡಿಟರಿನಲ್ಲಿ, ಅಂದರೆ ಬೈಟುಗಳನ್ನು ಹೆಕ್ಸ್ ಎಂಬ ಹದಿನಾರರ ಎಣಿಕೆಯಲ್ಲಿ ತೋರಿಸುವ ಪ್ರೋಗ್ರಾಮಿನಲ್ಲಿ, ತೆರೆದೆ.

ನಡೆದದ್ದೇನೆಂಬುದು ಅಲ್ಲಿ ಕಣ್ಣಿಗೆ ಕಾಣುವಂತಿತ್ತು. ಇಂಥ ಫ್ಲ್ಯಾಶ್ ಚಿಪ್ಪಿನಲ್ಲಿ ಅಳಿಸುವುದೆಂದರೆ ಎಲ್ಲ ಬಿಟ್ಟುಗಳನ್ನೂ 1 ಮಾಡುವುದು. ಬರೆಯುವುದೆಂದರೆ ಬೇಕಾದ 1ಗಳನ್ನು ಸೊನ್ನೆ ಮಾಡುವುದು. ಎಂಟೂ ಬಿಟ್ಟುಗಳು 1 ಆಗಿರುವ ಬೈಟು ಹೆಕ್ಸ್‌ನಲ್ಲಿ ಎಫ್‌ಎಫ್. ಆದ್ದರಿಂದ ಅಳಿಸಿ ಬರೆಯದೆ ಬಿಟ್ಟ ಜಾಗವು ಎಫ್‌ಎಫ್ ಎಫ್‌ಎಫ್ ಎಂದು ಕಾಣುತ್ತದೆ. ನನ್ನ ಚಿಪ್ಪಿನಲ್ಲಿ ಬಯೋಸಿನ ಭಾಗವು ಹೆಕ್ಸ್ ಎಣಿಕೆಯ 200000ದಿಂದ ಕೊನೆಯವರೆಗೆ, ಅಂದರೆ 64 ಕಿಲೋಬೈಟಿನ 224 ತುಂಡುಗಳಷ್ಟು ಇತ್ತು. 730000ದವರೆಗೆ ತುಂಬಿದ ಸಾಲುಗಳು, ಅಲ್ಲಿಂದ ಮುಂದೆ ಪುಟ ಪುಟವೂ ಎಫ್‌ಎಫ್. ಲೆಕ್ಕ ಹಾಕಿದೆ: ಬರೆದಾದದ್ದು 83 ತುಂಡು. 224ರಲ್ಲಿ 83 ಎಂದರೆ ಶೇಕಡಾ 37. ಪರದೆ ಕೊನೆಯದಾಗಿ ತೋರಿಸಿದ್ದು ಅಕ್ಷರಶಃ ನಿಜವಾಗಿತ್ತು.

ಪೆನ್‌ಡ್ರೈವ್ ಏಕೆ ಮಿನುಗಲಿಲ್ಲ ಎಂಬುದಕ್ಕೂ ಇಲ್ಲಿಯೇ ಉತ್ತರವಿದೆ. ಇಂಟೆಲ್ ಪ್ರೊಸೆಸರ್ ಎಚ್ಚರವಾದೊಡನೆ ಮೊದಲ ಆದೇಶಕ್ಕಾಗಿ ನೋಡುವುದು 4 ಗಿಗಾಬೈಟ್ ವಿಳಾಸದ ತುದಿಗೆ 16 ಬೈಟ್ ಮುಂಚಿನ ಜಾಗವನ್ನು, ಮತ್ತು ಆ ವಿಳಾಸವು ಫ್ಲ್ಯಾಶ್ ಚಿಪ್ಪಿನ ಕೊನೆಯ ತುದಿಗೆ ಸೇರಿಕೊಂಡಿರುತ್ತದೆ. ಚೇತರಿಕೆಯ ತುಣುಕು ಇರುವುದೂ ಆ ತುದಿಯಲ್ಲೇ. ಈ ಸಾಧನ ಮೊದಲು ಭಾಗವನ್ನೆಲ್ಲ ಅಳಿಸಿ, ಆಮೇಲೆ ಕೆಳಗಿನಿಂದ ಮೇಲಕ್ಕೆ ಬರೆಯುತ್ತಾ ಬಂದಿತ್ತು. ತುದಿಯ ತುಂಡನ್ನು ಮುಟ್ಟದೆ ಉಳಿಸಿದ್ದರೆ ಪೆನ್‌ಡ್ರೈವಿನಿಂದಲೇ ಅಂದೇ ಸಂಜೆ ಯಂತ್ರ ಎದ್ದಿರುತ್ತಿತ್ತು. ಮನೆಮನೆಗೆ ಹೋಗುವ ಬೋರ್ಡಿನಲ್ಲಿ ಇಷ್ಟನ್ನು ಕಾಯ್ದುಕೊಳ್ಳದಿರುವುದು ತಯಾರಿಕೆಯ ಲೋಪವೆಂದೇ ನನ್ನ ಅಭಿಪ್ರಾಯ.

ಇನ್ನು 200000ಕ್ಕಿಂತ ಹಿಂದಿನ 2 ಮೆಗಾಬೈಟ್. ಅಪ್‌ಡೇಟ್ ಅಲ್ಲಿಗೆ ಕೈ ಹಾಕುವ ಮೊದಲೇ ಕರೆಂಟು ಹೋಗಿದ್ದರಿಂದ ಅದು ಹಾಗೆಯೇ ಉಳಿದಿತ್ತು. ಮೊದಲ 4 ಕಿಲೋಬೈಟ್ ಡಿಸ್ಕ್ರಿಪ್ಟರ್, ಅಂದರೆ ಚಿಪ್ಪಿನ ಯಾವ ಭಾಗ ಎಲ್ಲಿಂದ ಎಲ್ಲಿಯವರೆಗೆ ಎಂಬ ನಕ್ಷೆ. ಅದರ ಮುಂದಿನ 8 ಕಿಲೋಬೈಟ್ ನೆಟ್‌ವರ್ಕಿನದು. ಆಮೇಲೆ ಮ್ಯಾನೇಜ್‌ಮೆಂಟ್ ಎಂಜಿನ್. ನೆಟ್‌ವರ್ಕ್ ಭಾಗದ ಮೊದಲ ಆರು ಬೈಟುಗಳು ಈ ಬೋರ್ಡಿನ ಮ್ಯಾಕ್ ವಿಳಾಸ, ನೆಟ್‌ವರ್ಕಿನಲ್ಲಿ ಅದನ್ನು ಗುರುತಿಸುವ ಸಂಖ್ಯೆ. ರೂಟರಿನ ಪಟ್ಟಿಯಲ್ಲಿ ಉಳಿದಿದ್ದ ಹಳೆಯ ನಮೂದಿನೊಂದಿಗೆ ಹೋಲಿಸಿದೆ, ಆರೂ ಸರಿಹೋದವು. ತಯಾರಕರ ಕಡತದಲ್ಲಿ ಅದೇ ಜಾಗದಲ್ಲಿ ಇದ್ದದ್ದು 88 88 88 88 87 88. ಅದು ಯಾವ ಬೋರ್ಡಿನ ವಿಳಾಸವೂ ಅಲ್ಲ, ಇಂಟೆಲ್ ಜಾಗ ತುಂಬಲು ಇಟ್ಟ ಸಂಖ್ಯೆ. ಕಡತವನ್ನು ಇಡಿಯಾಗಿ ಬರೆದಿದ್ದರೆ ಯಂತ್ರವೇನೋ ಏಳುತ್ತಿತ್ತು, ಆದರೆ ತನ್ನ ಹೆಸರನ್ನು ಕಳೆದುಕೊಂಡು ಏಳುತ್ತಿತ್ತು. ಹೀಗೆ ದುರಸ್ತಿಯಾದ ಎರಡು ಬೋರ್ಡುಗಳು ಒಂದೇ ಕಚೇರಿಯ ನೆಟ್‌ವರ್ಕಿನಲ್ಲಿದ್ದರೆ ಒಂದರ ಸಂಪರ್ಕ ಇನ್ನೊಂದು ಕೆಡಿಸುತ್ತದೆ.

ಮ್ಯಾಕ್ ವಿಳಾಸದ ಆರು ಬೈಟುಗಳನ್ನಷ್ಟೇ ಕೈಯಿಂದ ತಿದ್ದಬಹುದಲ್ಲ ಎಂದು ಅನ್ನಿಸಬಹುದು. ಆ ಭಾಗದ ಮೊದಲ 64 ಪದಗಳನ್ನು, ಒಂದೊಂದೂ ಎರಡು ಬೈಟಿನಂತೆ ಕೂಡಿದರೆ ಹೆಕ್ಸ್‌ನಲ್ಲಿ ಮೊತ್ತದ ಕೊನೆಯ ನಾಲ್ಕು ಅಂಕಿಗಳು ಬಿಎಬಿಎ ಎಂದು ಬರಬೇಕು. ಬಾರದಿದ್ದರೆ ನೆಟ್‌ವರ್ಕ್ ಚಾಲಕವು (ಡ್ರೈವರ್) ತಕರಾರು ತೆಗೆಯುತ್ತದೆ. ಹಳೆಯ ಪ್ರತಿಯ 8 ಕಿಲೋಬೈಟನ್ನು ಇಡಿಯಾಗಿ ಉಳಿಸಿಕೊಂಡರೆ ಈ ತೊಡಕೇ ಇಲ್ಲ. ಪೈಥಾನಿನಲ್ಲಿ ನಾಲ್ಕು ಸಾಲು ಬರೆದು ಕೂಡಿಸಿ ನೋಡಿದೆ, ಬಿಎಬಿಎ ಬಂತು. ಹನ್ನೊಂದು ದಿನಗಳಲ್ಲಿ ನನಗೆ ಅತ್ಯಂತ ನೆಮ್ಮದಿ ಕೊಟ್ಟ ಕ್ಷಣ ಅದು.

ಈಗ ಜೋಡಣೆ. ಹೊಸ ಆವೃತ್ತಿಯ ಬಯೋಸನ್ನು ಹಳೆಯ ಮ್ಯಾನೇಜ್‌ಮೆಂಟ್ ಎಂಜಿನ್ನಿನ ಜೊತೆ ಸೇರಿಸಿದರೆ ಎರಡಕ್ಕೂ ಹೊಂದದೆ ಹೋಗಬಹುದು. ಹಾಗಾಗಿ ಮೊಬೈಲ್ ಫೋಟೊದಲ್ಲಿದ್ದ ಸಂಖ್ಯೆಯ ಹಳೆಯ ಆವೃತ್ತಿಯನ್ನೇ ತಯಾರಕರ ತಾಣದಿಂದ ಇಳಿಸಿಕೊಂಡೆ. ಕಡತದ ಗಾತ್ರ 1,67,79,264 ಬೈಟ್, ಚಿಪ್ಪಿಗಿಂತ 2048 ಹೆಚ್ಚು. ಆ ಹೆಚ್ಚಿನದು ಅಪ್‌ಡೇಟ್ ಸಾಧನ ಓದಿಕೊಳ್ಳುವ ತಲೆಬರಹ, ಚಿಪ್ಪಿಗೆ ಸೇರಿದ್ದಲ್ಲ. ಕಡತದ ಮೊದಲ 2048 ಬೈಟನ್ನು ಕತ್ತರಿಸಿದೆ. ಬಳಿಕ ನನ್ನ ಪ್ರತಿಯ ಮೊದಲ 20,97,152 ಬೈಟ್, ತಯಾರಕರ ಕಡತದ ಉಳಿದ 1,46,80,064 ಬೈಟ್, ಎರಡನ್ನೂ ಸೇರಿಸಿ ಒಂದು ಕಡತ ಮಾಡಿದೆ. ಒಟ್ಟು ಗಾತ್ರ ಚಿಪ್ಪಿನಷ್ಟೇ ಆಯಿತು. ಬಯೋಸ್ ಕಡತವನ್ನು ಬಿಡಿಸಿ ತೋರಿಸುವ ಯುಇಎಫ್‌ಐಟೂಲ್‌ನಲ್ಲಿ ತೆರೆದು ಎಲ್ಲ ಭಾಗಗಳೂ ತಪ್ಪಿಲ್ಲದೆ ಬಿಡಿಸಿಕೊಳ್ಳುವುದನ್ನು ನೋಡಿದ ಮೇಲೆ ಫ್ಲ್ಯಾಶ್‌ರಾಮಿಗೆ ಬರೆಯಲು ಹೇಳಿದೆ. ಅಳಿಸಿ, ಬರೆದು, ಬರೆದದ್ದನ್ನು ಮತ್ತೆ ಓದಿ ಹೋಲಿಸಿ, ಸರಿಯಿದೆ ಎಂದು ಅದು ಹೇಳುವವರೆಗೆ ಲ್ಯಾಪ್‌ಟಾಪನ್ನು ಮುಟ್ಟಲಿಲ್ಲ.

ಮರುದಿನ ಅದೇ ಅಂಗಡಿಯಲ್ಲಿ ಚಿಪ್ಪು ತನ್ನ ಜಾಗಕ್ಕೆ ಮರಳಿತು. ಬೆಸುಗೆ ಹಾಕುವ ಮೊದಲು ಚುಕ್ಕೆ ಯಾವ ಮೂಲೆಗೆ ಎಂದು ಬಿಡಿಸುವ ಮುಂಚೆ ತೆಗೆದ ಫೋಟೊ ನೋಡಿಕೊಂಡೆವು. ಅಂಗಡಿಯ ಮೇಜಿನ ಮೇಲೆಯೇ ರಾಮ್ ಮತ್ತು ಪವರ್ ಸಪ್ಲೈ ಸಿಕ್ಕಿಸಿ ಗುಂಡಿ ಒತ್ತಿದಾಗ ಯಂತ್ರ ಒಮ್ಮೆ ಆರಿ, ತಾನಾಗಿ ಮತ್ತೆ ಹೊತ್ತಿ, ಸುಮಾರು ಅರ್ಧ ನಿಮಿಷ ಸುಮ್ಮನಿದ್ದು, ಆಮೇಲೆ ಪರದೆಯ ಮೇಲೆ ಸೆಟ್ಟಿಂಗುಗಳು ಮೂಲಸ್ಥಿತಿಗೆ ಬಂದಿವೆ ಎಂಬ ಸಾಲು ತೋರಿಸಿತು. ಅಂಗಡಿಯ ಹುಡುಗ ನನಗಿಂತ ಜೋರಾಗಿ ನಕ್ಕ.

ಮನೆಯಲ್ಲಿ ಸಮಯ, ಬೂಟ್ ಕ್ರಮ, ವರ್ಚುವಲೈಸೇಷನ್ ಆಯ್ಕೆಗಳನ್ನು ಮತ್ತೆ ಹೊಂದಿಸಿದೆ. ನನ್ನ ಡಿಸ್ಕಿನಲ್ಲಿ ವಿಂಡೋಸಿನ ಬಿಟ್‌ಲಾಕರ್ ಎಂಬ ಗೂಢಲಿಪಿಯ ಬೀಗ ಇರಲಿಲ್ಲ. ಇರುವವರು ಫರ್ಮ್‌ವೇರ್ ಮುಟ್ಟುವ ಮೊದಲೇ ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಿ, 48 ಅಂಕಿಯ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು; ಇಲ್ಲದಿದ್ದರೆ ಯಂತ್ರ ಎದ್ದರೂ ಡಿಸ್ಕು ತೆರೆಯುವುದಿಲ್ಲ.

ಯುಪಿಎಸ್ ಏಕೆ ಕೈಕೊಟ್ಟಿತೆಂದು ಅದನ್ನೂ ಬಿಚ್ಚಿದೆ. 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ ಸುಮ್ಮನಿದ್ದಾಗ 12.9 ತೋರಿಸುತ್ತಿತ್ತು, ಕಾರಿನ ಹೆಡ್‌ಲೈಟ್ ಬಲ್ಬೊಂದನ್ನು ಸೇರಿಸಿದ ಕೂಡಲೇ 8ಕ್ಕೆ ಇಳಿಯಿತು. ಹೊರೆ ಇಲ್ಲದೆ ಅಳೆದ ವೋಲ್ಟೇಜು ಬ್ಯಾಟರಿಯ ಆರೋಗ್ಯದ ಬಗ್ಗೆ ಏನೂ ಹೇಳುವುದಿಲ್ಲ. ಹೊಸ ಬ್ಯಾಟರಿ ಹಾಕಿ, ಒಂದು ರಾತ್ರಿ ಚಾರ್ಜಾಗಲು ಬಿಟ್ಟು, ಕಂಪ್ಯೂಟರ್ ಓಡುತ್ತಿರುವಾಗಲೇ ಗೋಡೆಯ ಪ್ಲಗ್ ಕಿತ್ತು ಗಡಿಯಾರ ನೋಡಿದೆ. ಹದಿನೆಂಟು ನಿಮಿಷ ನಿಂತಿತು. ಅಪ್‌ಡೇಟಿಗೆ ಬೇಕಾದದ್ದು ಆರು.

ಅದಾದ ಮೇಲೆಯೇ ಮತ್ತೊಮ್ಮೆ, ಅದೇ ಫ್ಯಾಟ್32 ಪೆನ್‌ಡ್ರೈವಿನಿಂದ, ಬಯೋಸಿನೊಳಗಿನ ಸಾಧನದಿಂದಲೇ ಹೊಸ ಆವೃತ್ತಿಗೆ ಹೋದೆ. 37 ದಾಟುವಾಗ ಮಗಳು ಬಂದು ನನ್ನ ಪಕ್ಕದಲ್ಲಿ ನಿಂತಿದ್ದಳು. ನೂರಕ್ಕೆ ಮುಟ್ಟಿ, ಎರಡು ಸಲ ತಾನಾಗಿ ಮರುಪ್ರಾರಂಭವಾಗಿ, ಮ್ಯಾನೇಜ್‌ಮೆಂಟ್ ಎಂಜಿನ್ನನ್ನೂ ಹೊಸದು ಮಾಡಿಕೊಂಡಿತು. ಹಳೆಯ ಪ್ರೊಸೆಸರಿನಲ್ಲಿ ಒಂದು ದಿನ ಓಡಿಸಿ ನೋಡಿ, ಐ5-7500 ಕೂರಿಸಿದೆ. ಮೊದಲ ಸಲಕ್ಕೇ ಗುರುತಿಸಿತು. ರೂಟರಿನ ಪಟ್ಟಿಯಲ್ಲಿ ಯಂತ್ರ ತನ್ನ ಹಳೆಯ ಮ್ಯಾಕ್ ವಿಳಾಸದಲ್ಲೇ ಇದೆ.

ಒಂದು ಮಾತ್ರ ಮರಳಿ ಸಿಗಲಿಲ್ಲ. ಬೋರ್ಡಿನ ಕ್ರಮಸಂಖ್ಯೆ ದಾಖಲಾಗಿದ್ದದ್ದು ಬಯೋಸ್ ಭಾಗದೊಳಗೆ, ಅದೂ ಮೊದಲ ಅಳಿಸುವಿಕೆಯಲ್ಲೇ ಹೋದ ಜಾಗದಲ್ಲಿ. ಈಗ ಲಿನಕ್ಸ್‌ನಲ್ಲಿ ಯಂತ್ರದ ವಿವರ ತೋರಿಸುವ ಡಿಎಂಐಡಿಕೋಡ್ ಓಡಿಸಿದರೆ ಆ ಸಾಲಿನಲ್ಲಿ ‘ಡಿಫಾಲ್ಟ್ ಸ್ಟ್ರಿಂಗ್’ ಎಂದಷ್ಟೇ ಬರುತ್ತದೆ. ಬೋರ್ಡಿನ ಅಂಚಿನ ಸ್ಟಿಕ್ಕರಿನಲ್ಲಿದ್ದ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು, ಅದರ ಕೆಳಗೆ ಈಗಿನ ಬಯೋಸ್ ಆವೃತ್ತಿ ಮತ್ತು ಚಿಪ್ಪಿನ ಪ್ರತಿ ಯಾವ ಪೆನ್‌ಡ್ರೈವಿನಲ್ಲಿದೆ ಎಂಬುದನ್ನೂ ಸೇರಿಸಿ, ಕ್ಯಾಬಿನೆಟ್ಟಿನ ಬಾಗಿಲಿನ ಒಳಬದಿಗೆ ಅಂಟಿಸಿದ್ದೇನೆ.